ಗ್ಲಾಕೋಮಾ ಆಪರೇಷನ್: ಉಳಿದ ದೃಷ್ಟಿಯನ್ನು ಉಳಿಸಿಕೊಳ್ಳಲು

ಕಣ್ಣಿನ ಆಪರೇಷನ್ ಆಯಿತು ಎಂದರೆ ನಮ್ಮ ಕಡೆ ಎಲ್ಲರಿಗೂ ನೆನಪಾಗುವುದು ಪೊರೆ. ಪೊರೆ ತೆಗೆಸಿಕೊಂಡವರು ಪಟ್ಟಿ ಬಿಚ್ಚಿದ ಕೂಡಲೇ ಗೋಡೆಯ ಮೇಲಿನ ಕ್ಯಾಲೆಂಡರ್ ಓದಿ ತೋರಿಸುತ್ತಾರೆ. ಹಾಗಾಗಿ ನಾನು ಮೈಸೂರಿನಿಂದ ವಾಪಸ್ ಬಂದಾಗ ನೋಡಲು ಬಂದವರೆಲ್ಲ ಕೇಳಿದ್ದು, "ಈಗ ಚೆನ್ನಾಗಿ ಕಾಣುತ್ತಾ ಅಕ್ಕ?" ಎಂದೇ. ಇಲ್ಲ, ಮೊದಲಿಗಿಂತ ಮಂಜಾಗಿದೆ ಎಂದರೆ ಅವರ ಮುಖ ಸಪ್ಪಗಾಗುತ್ತಿತ್ತು. ನನ್ನದು ಪೊರೆಯ ಆಪರೇಷನ್ ಅಲ್ಲ, ಗ್ಲಾಕೋಮಾದ್ದು, ಅಂದರೆ ಕಣ್ಣಿನ ನರ ಸವೆದು ದೃಷ್ಟಿ ಹೋಗುವ ಕಾಯಿಲೆಯದ್ದು. ಹೋದ ದೃಷ್ಟಿಯನ್ನು ಅದು ತಂದುಕೊಡುವುದಿಲ್ಲ. ಇರುವುದು ಹೋಗದ ಹಾಗೆ ಕಣ್ಣಿನ ಒಳಗಿನ ಪ್ರೆಶರ್ ಇಳಿಸುತ್ತದೆ. ಅದಕ್ಕೋಸ್ಕರ ನೋಯುತ್ತಿಲ್ಲದ, ಚೆನ್ನಾಗಿಯೇ ಕಾಣುತ್ತಿರುವ ಕಣ್ಣನ್ನು ಕತ್ತರಿಗೆ ಕೊಡಬೇಕು. ಇದನ್ನು ಒಪ್ಪಿಕೊಳ್ಳಲು ನನಗೆ ತುಂಬಾ ದಿನ ಹಿಡಿಯಿತು. ಇದೇ ದಾರಿಯಲ್ಲಿ ಬರುತ್ತಿರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಸೋಮವಾರಪೇಟೆ ತಾಲ್ಲೂಕು, ಶಾಂತಳ್ಳಿ ಕಡೆ. ಸ್ವಲ್ಪ ಅರೇಬಿಕಾ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು, ಕೆಳಗೆ ಒಂದಿಷ್ಟು ಗದ್ದೆ. ನಲವತ್ತೈದು ದಾಟಿದ ಮೇಲೆ ಓದುವಾಗ ಅಕ್ಷರ ಮಸುಕಾಗತೊಡಗಿತು. ಎಲ್ಲರಿಗೂ ಆಗುವುದೇ ಅಲ್ವಾ. ಕನ್ನಡಕದ ಅಂಗಡಿಯಲ್ಲಿ ಎರಡು ಸಲ ನಂಬರ್ ಬದಲಾಯಿಸಿ ಕೊಟ್ಟರು. ಅಲ್ಲಿ ಯಾರೂ ಕಣ್ಣಿನ ಪ್ರೆಶರ್ ನೋಡಲಿಲ್ಲ, ನರ ನೋಡಲಿಲ್ಲ. ಅದು ಗೊತ್ತಾಗಿದ್ದು ಮೈಸೂರಿನಲ್ಲಿ. ನಾದಿನಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಬಂದದ್ದು ಬಂದಾಗಿದೆ, ನೀವೂ ತೋರಿಸಿಬಿಡಿ ಅತ್ತಿಗೆ ಎಂದು ಅವಳೇ ಚೀಟಿ ಮಾಡಿಸಿದಳು.

ಅಲ್ಲಿನ ಡಾಕ್ಟರಮ್ಮ ಕಣ್ಣಿಗೆ ಮರಗಟ್ಟುವ ಹನಿ ಹಾಕಿದರು. ಆಮೇಲೆ ಹಳದಿ ಬಣ್ಣ. ಮೆಷಿನ್ ಮುಂದೆ ಗಲ್ಲ ಇಟ್ಟಾಗ ನೀಲಿ ದೀಪವೊಂದು ಕಣ್ಣಿನ ಹತ್ತಿರ ಬಂತು. ಮುಟ್ಟಿದ್ದು ಗೊತ್ತೇ ಆಗಲಿಲ್ಲ. ಬಲಗಣ್ಣಿನಲ್ಲಿ 30, ಎಡಗಣ್ಣಿನಲ್ಲಿ 24. ಬಿಪಿಯ ಹಾಗೆ ಇದನ್ನೂ ಪಾದರಸದ ಮಿಲಿಮೀಟರ್‌ನಲ್ಲೇ ಅಳೆಯುತ್ತಾರೆ. ಸಾಮಾನ್ಯವಾಗಿ 10ರಿಂದ 21ರ ಒಳಗೆ ಇರುತ್ತದೆ. ಬಿಪಿಗೂ ಇದಕ್ಕೂ ನೇರ ಸಂಬಂಧ ಇಲ್ಲ. ನನ್ನ ಬಿಪಿ ಸರಿಯಾಗಿಯೇ ಇತ್ತು.

ಪಾಪೆ ಅಗಲವಾಗುವ ಹನಿ ಹಾಕಿ ಕಣ್ಣಿನ ಹಿಂಭಾಗ ನೋಡಿದರು. ಕಣ್ಣಿನಿಂದ ಮಿದುಳಿಗೆ ಹೋಗುವ ನರದ ತುದಿಯಲ್ಲಿ ಎಲ್ಲರಿಗೂ ಒಂದು ಸಣ್ಣ ಗುಳಿ ಇರುತ್ತದಂತೆ. ನರದ ಎಳೆಗಳು ಸಾಯುತ್ತಾ ಹೋದಂತೆ ಆ ಗುಳಿ ದೊಡ್ಡದಾಗುತ್ತದೆ. ನನ್ನ ಬಲಗಣ್ಣಿನದು ತುಂಬಾ ದೊಡ್ಡದಾಗಿತ್ತು. ಕನ್ನಡಿ ಇರುವ ಒಂದು ಲೆನ್ಸನ್ನು ಕಣ್ಣಿಗೆ ಒತ್ತಿ ಮೂಲೆ ನೋಡಿದರು. ಕಪ್ಪುಗುಡ್ಡೆಯೂ ಅದರ ಹಿಂದಿನ ಬಣ್ಣದ ಪರದೆಯೂ ಸೇರುವ ಜಾಗ ಅದು. ಅಲ್ಲಿ ತೆರೆದೇ ಇತ್ತು. ಹಾಗಾಗಿ ಇದು ಓಪನ್ ಆ್ಯಂಗಲ್ ಗ್ಲಾಕೋಮಾ ಎಂದರು. ಮೂಲೆ ಮುಚ್ಚಿಹೋಗುವ ಇನ್ನೊಂದು ಬಗೆ ಇದೆ. ಅದರಲ್ಲಿ ಇದ್ದಕ್ಕಿದ್ದಂತೆ ಮುಚ್ಚಿಕೊಂಡರೆ ವಿಪರೀತ ನೋವು, ಕೆಂಪು, ವಾಂತಿ ಎಲ್ಲ ಬರಬಹುದು, ಜನ ಆಸ್ಪತ್ರೆಗೆ ಓಡುತ್ತಾರೆ. ನನ್ನದರಲ್ಲಿ ನೋವೂ ಇಲ್ಲ, ಕೆಂಪೂ ಇಲ್ಲ. ಸುಮ್ನೆ ನರ ಸವೆಯುತ್ತಾ ಹೋಗುತ್ತದೆ.

ಆಮೇಲೆ ಫೀಲ್ಡ್ ಟೆಸ್ಟ್. ಒಂದು ಕಣ್ಣು ಮುಚ್ಚಿ, ಬಿಳಿ ಬೋಗುಣಿಯಂಥ ಮೆಷಿನ್ ಒಳಗೆ ನಡುವಿನ ದೀಪವನ್ನೇ ನೋಡುತ್ತಾ ಕೂರಬೇಕು. ಅಲ್ಲಲ್ಲಿ ಸಣ್ಣ ಬೆಳಕು ಮಿಣುಕುತ್ತದೆ. ಕಂಡಾಗೆಲ್ಲ ಗುಂಡಿ ಒತ್ತಬೇಕು. ಎಷ್ಟೋ ಹೊತ್ತು ಏನೂ ಕಾಣದೆ ಮೆಷಿನ್ ಕೆಟ್ಟಿದೆ ಅಂದುಕೊಂಡೆ. ಕಾಗದ ಹೊರಗೆ ಬಂದಾಗ ಬಲಗಣ್ಣಿನ ಮೇಲರ್ಧದಲ್ಲಿ, ಮೂಗಿನ ಕಡೆಗೆ, ದೊಡ್ಡ ಕಪ್ಪು ಚುಕ್ಕೆಗಳ ಗುಂಪು. ಅಷ್ಟು ಜಾಗದಲ್ಲಿ ನನಗೆ ಏನೂ ಕಾಣುತ್ತಿರಲಿಲ್ಲ. ಎರಡು ಕಣ್ಣೂ ತೆರೆದಿರುವಾಗ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ. ಅದಕ್ಕೇ ವರ್ಷಗಟ್ಟಲೆ ಮೆಣಸಿನ ಗೊಂಚಲು ಕೊಯ್ದರೂ ಗೊತ್ತಾಗಿರಲಿಲ್ಲ.

ಆ ಕಾಗದ ನೋಡಿದಾಗ ನನ್ನ ಅಮ್ಮ ನೆನಪಾದರು. ಕೊನೆಯ ವರ್ಷಗಳಲ್ಲಿ ಅಮ್ಮ ಗೋಡೆ ಮುಟ್ಟಿಕೊಂಡು ನಡೆಯುತ್ತಿದ್ದರು. ವಯಸ್ಸಾಯಿತು, ಪೊರೆ ಬಂದಿದೆ ಎಂದೇ ಎಲ್ಲರೂ ಹೇಳಿದ್ದು. ಅದು ನಿಜಕ್ಕೂ ಏನಾಗಿತ್ತು ಎಂದು ಈಗ ಹೇಳಲು ಯಾರಿಗೂ ಆಗುವುದಿಲ್ಲ. ಆದರೆ ಡಾಕ್ಟರಮ್ಮ ಮೊದಲು ಕೇಳಿದ ಪ್ರಶ್ನೆಯೇ ಅದು. ಮನೆಯಲ್ಲಿ ಯಾರಿಗಾದರೂ ಕಣ್ಣು ಹೋಗಿತ್ತಾ? ಅಪ್ಪ ಅಮ್ಮ, ಒಡಹುಟ್ಟಿದವರಿಗೆ ಗ್ಲಾಕೋಮಾ ಇದ್ದರೆ ನಮಗೆ ಬರುವ ಸಂಭವ ಹಲವು ಪಟ್ಟು ಜಾಸ್ತಿ.

ಎರಡನೇ ಪ್ರಶ್ನೆ, ಸ್ಟೀರಾಯ್ಡ್ ಹನಿ ಏನಾದರೂ ಬಳಸುತ್ತಿದ್ದೀರಾ ಎಂದು. ಕಣ್ಣು ಕೆಂಪಾದರೆ ಮೆಡಿಕಲ್ ಶಾಪಿನಿಂದ ಒಂದು ಬಾಟಲಿ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವವರು ನಮ್ಮ ಕಡೆ ತುಂಬಾ ಜನ ಇದ್ದಾರೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಲವರಿಗೆ ಕಣ್ಣಿನ ಪ್ರೆಶರ್ ಏರುತ್ತದೆ. ದಯವಿಟ್ಟು ಹಾಗೆ ಹಾಕಿಕೊಳ್ಳಬೇಡಿ.

ಮೊದಲ ಕೆಲವು ವರ್ಷ ಹನಿಗಳಲ್ಲೇ ಕಳೆಯಿತು. ರಾತ್ರಿಗೆ ಲ್ಯಾಟಾನೋಪ್ರೋಸ್ಟ್. ಅದರಿಂದ ಕಣ್ಣಿನ ರೆಪ್ಪೆಯ ಕೂದಲು ಉದ್ದವಾಗುತ್ತದೆ, ಸುತ್ತ ಚರ್ಮ ಸ್ವಲ್ಪ ಕಪ್ಪಾಗುತ್ತದೆ. ಟಿಮೋಲಾಲ್ ಎಂಬ ಇನ್ನೊಂದು ಹನಿ ತುಂಬಾ ಜನರಿಗೆ ಕೊಡುವಂಥದ್ದು. ನನಗೆ ಉಬ್ಬಸ ಇರುವುದರಿಂದ ಅದು ಬೇಡವೇ ಬೇಡ ಎಂದರು. ಕಣ್ಣಿಗೆ ಹಾಕಿದ್ದು ಮೂಗಿನ ಮೂಲಕ ಮೈಗೆ ಸೇರಿ ಉಸಿರು ಕಟ್ಟಿಸಬಹುದು. ಉಬ್ಬಸ ಇರುವವರು, ಹೃದಯದ ಬಡಿತ ನಿಧಾನ ಇರುವವರು ಇದನ್ನು ಡಾಕ್ಟರಿಗೆ ಹೇಳಲೇಬೇಕು. ಬದಲಿಗೆ ಡಾರ್ಜೋಲಮೈಡ್ ಕೊಟ್ಟರು. ಹಾಕಿದಾಗ ಉರಿ, ಸ್ವಲ್ಪ ಹೊತ್ತಿಗೆ ಬಾಯೆಲ್ಲ ಕಹಿ. ಮೂರನೆಯದಾಗಿ ಬ್ರಿಮೋನಿಡಿನ್ ಸೇರಿಸಿದರು. ಅದು ಕೆಲವು ತಿಂಗಳು ಸರಿಹೋಗಿ, ಆಮೇಲೆ ಅಲರ್ಜಿಯಾಗಿ ಕಣ್ಣು ಕೆಂಪಗೆ ಊದಿಕೊಂಡವು.

ಹನಿ ಹಾಕುವುದಕ್ಕೂ ಕ್ರಮ ಇದೆ. ಕೆಳರೆಪ್ಪೆ ಎಳೆದು ಒಂದೇ ಹನಿ. ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಆಗ ಔಷಧ ಮೂಗಿಗೆ ಇಳಿಯುವುದು ಕಡಿಮೆ. ಇನ್ನೊಂದು ಹನಿಗೆ ಮೊದಲು ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.

ನಮ್ಮ ಕಡೆ ಮಳೆಗಾಲ ಹೇಗೆ ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. ಪುಷ್ಪಗಿರಿ ತಪ್ಪಲಿನಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಬಿಡುವುದೇ ಇಲ್ಲ. ಕರೆಂಟ್ ಹೋದರೆ ದಿನಗಟ್ಟಲೆ ಇಲ್ಲ. ನನ್ನ ಲ್ಯಾಟಾನೋಪ್ರೋಸ್ಟ್‌ನ ತೆರೆಯದ ಬಾಟಲಿ ಫ್ರಿಜ್‌ನಲ್ಲೇ ಇರಬೇಕು. ತೆರೆದದ್ದನ್ನು ತಿಂಗಳೊಳಗೆ ಬದಲಾಯಿಸಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದು ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ಕಡೆಯ ರಸ್ತೆಯೇ ಇಲ್ಲವಾದಾಗ ಜನ ಮನೆ ಕಳೆದುಕೊಂಡಿದ್ದರು, ಜೀವ ಕಳೆದುಕೊಂಡಿದ್ದರು. ಅಂಥ ಹೊತ್ತಿನಲ್ಲಿ ನನ್ನ ಕಣ್ಣಿನ ಹನಿಯ ಮಾತು ಎತ್ತಲು ಬಾಯಿ ಬರಲಿಲ್ಲ. ಬಾಟಲಿ ಖಾಲಿಯಾಗಿತ್ತು. ಹೊಸದು ಕೈಗೆ ಸಿಗುವವರೆಗೆ ಹಾಗೇ ಇದ್ದೆ. ಮುಂದಿನ ಭೇಟಿಯಲ್ಲಿ ಬಲಗಣ್ಣಿನ ಪ್ರೆಶರ್ 28. ಫೀಲ್ಡ್ ಟೆಸ್ಟ್‌ನಲ್ಲಿ ಕಪ್ಪು ನಡುವಿನ ಹತ್ತಿರಕ್ಕೆ ಬಂದಿತ್ತು. ಆಮೇಲೆ ಹನಿ ತಪ್ಪದೆ ಹಾಕಿದರೂ 22, 23ರಿಂದ ಕೆಳಗೆ ಇಳಿಯಲಿಲ್ಲ. ನಿಮ್ಮ ನರ ಇಷ್ಟು ಸವೆದಿರುವಾಗ 22 ಸಾಲದು, 15ಕ್ಕಿಂತ ಕೆಳಗೆ ಬೇಕು ಎಂದರು ಡಾಕ್ಟರಮ್ಮ. ಲೇಸರ್ ಚಿಕಿತ್ಸೆಯ ಬಗ್ಗೆಯೂ ಹೇಳಿದರು. ಅದರಿಂದ ನನಗೆ ಬೇಕಾದಷ್ಟು ಇಳಿಯುವ ನಂಬಿಕೆ ಅವರಿಗೆ ಇರಲಿಲ್ಲ. ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ ಆಪರೇಷನ್ ಮಾಡಿಸಿ ಎಂದರು.

ಆ ದಿನ ಅವರು ಕಾಗದದ ಮೇಲೆ ಕಣ್ಣಿನ ಚಿತ್ರ ಬರೆದು ವಿವರಿಸಿದ್ದು ನನಗೆ ನಮ್ಮ ಗದ್ದೆಯ ಲೆಕ್ಕದಲ್ಲೇ ಅರ್ಥವಾಯಿತು. ಕಣ್ಣಿನ ಮುಂಭಾಗದಲ್ಲಿ ಒಂದು ತಿಳಿನೀರು ಸದಾ ಹುಟ್ಟುತ್ತಿರುತ್ತದೆ. ನಿಮಿಷಕ್ಕೆ ಎರಡು ಮೂರು ಮೈಕ್ರೋಲೀಟರ್ ಅಷ್ಟೇ. ಇದು ಕಣ್ಣೀರು ಅಲ್ಲ. ಕಣ್ಣೀರು ಹೊರಗಿನದು, ಇದು ಒಳಗಿನದು. ಪಾಪೆಯ ಮೂಲಕ ಮುಂದೆ ಬಂದು, ಮೂಲೆಯಲ್ಲಿರುವ ಜರಡಿಯಂಥ ಭಾಗದಿಂದ ಹೊರಗೆ ಹೋಗಿ ರಕ್ತ ಸೇರುತ್ತದೆ. ಗದ್ದೆಗೆ ಮೇಲಿನ ತೋಡಿನಿಂದ ನೀರು ಬರುತ್ತಲೇ ಇರುತ್ತದೆ, ಕೆಳಬದುವಿನ ಕಂಡಿಯಿಂದ ಹೊರಗೆ ಹೋಗುತ್ತಿರುತ್ತದೆ. ಕಂಡಿಯಲ್ಲಿ ಕೆಸರು ತುಂಬಿದರೆ ನೀರು ಏರಿ ಪೈರು ಕೊಳೆಯುತ್ತದೆ. ನನ್ನ ಕಣ್ಣಿನಲ್ಲಿ ಕಂಡಿ ತೆರೆದಂತೆಯೇ ಕಂಡರೂ ಜರಡಿ ನೀರನ್ನು ಬಿಡುತ್ತಿಲ್ಲ. ಕೊಳೆಯುತ್ತಿರುವ ಪೈರು ಹಿಂದಿನ ನರ. ಆಪರೇಷನ್ ಅಂದರೆ ಬದುವಿನಲ್ಲಿ ಬೇರೆ ಕಡೆ ಹೊಸ ಕಂಡಿ ತೆಗೆಯುವುದು. ಪೂರ್ತಿ ಬಾಯಿ ತೆಗೆದರೆ ಗದ್ದೆ ಒಣಗುತ್ತದೆ. ಅದಕ್ಕೆ ಅದರ ಮೇಲೆ ಒಂದು ಮುಚ್ಚಳ ಬಿಟ್ಟು, ನೀರು ಬೇಕಾದಷ್ಟೇ ಜಿನುಗುವ ಹಾಗೆ ಮಾಡುತ್ತಾರೆ.

ಟ್ರಾಬೆಕ್ಯುಲೆಕ್ಟಮಿ ಎಂದು ಇದಕ್ಕೆ ಹೆಸರು. 1968ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಕೇರ್ನ್ಸ್ ಎಂಬ ಡಾಕ್ಟರು ಇದನ್ನು ಬರೆದು ತಿಳಿಸಿದ್ದು. ಅರ್ಧ ಶತಮಾನದ ಅನುಭವ ಇರುವ ಆಪರೇಷನ್ ಎಂದು ಮಗ ಹೇಳಿದಾಗ ನನಗೆ ಸ್ವಲ್ಪ ಧೈರ್ಯ ಬಂತು.

ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ. "ನೋಡಿಮ್ಮ, ಇದರಿಂದ ಕಣ್ಣು ಚೆನ್ನಾಗಿ ಕಾಣುವುದಿಲ್ಲ. ಸ್ವಲ್ಪ ಕಡಿಮೆಯೇ ಆಗಬಹುದು. ಪೊರೆ ಬೇಗ ಬರಬಹುದು. ಪ್ರೆಶರ್ ತೀರಾ ಇಳಿಯಬಹುದು, ಅಥವಾ ಗಾಯ ಮಾಯ್ದು ದಾರಿ ಮುಚ್ಚಿಹೋಗಿ ಮತ್ತೆ ಏರಬಹುದು. ಸೋಂಕಿನ ಭಯ ಜೀವನ ಪೂರ್ತಿ ಇರುತ್ತದೆ. ಆದರೆ ಸುಮ್ಮನಿದ್ದರೆ ಈ ಕಣ್ಣು ಖಂಡಿತ ಉಳಿಯುವುದಿಲ್ಲ." ಇಷ್ಟು ನೇರವಾಗಿ ಹೇಳಿದ್ದಕ್ಕೆ ನಾನು ಅವರನ್ನು ನಂಬಿದೆ. ಎಲ್ಲ ಸರಿಹೋಗುತ್ತೆ ಬನ್ನಿ ಎಂದಿದ್ದರೆ ಇಷ್ಟು ನಂಬುತ್ತಿರಲಿಲ್ಲ.

ಕಣ್ಣನ್ನೇ ಬದಲಾಯಿಸಿಬಿಡಬಹುದಲ್ಲ ಎಂದು ತುಂಬಾ ಜನ ಕೇಳುತ್ತಾರೆ. ರಾಜ್‌ಕುಮಾರ್ ಕಣ್ಣು ಕೊಟ್ಟರು, 2021ರಲ್ಲಿ ಪುನೀತ್ ಅವರ ಕಣ್ಣಿನಿಂದ ನಾಲ್ಕು ಜನರಿಗೆ ದೃಷ್ಟಿ ಬಂತು, ನಿಮಗೂ ಹಾಕಿಸಬಹುದಲ್ಲ ಎಂದು. ದಾನ ಮಾಡಿದ ಕಣ್ಣಿನಿಂದ ಜೋಡಿಸುವುದು ಮುಂದಿನ ಪಾರದರ್ಶಕ ಪದರ, ಕಾರ್ನಿಯಾ. ಅದು ಕೆಟ್ಟವರಿಗೆ ಅದರಿಂದ ಹೊಸ ಬೆಳಕು ಸಿಗುತ್ತದೆ. ನನ್ನ ಕಾರ್ನಿಯಾ ಚೆನ್ನಾಗಿಯೇ ಇದೆ. ಹೋಗಿರುವುದು ನರ. ನರವನ್ನು ಬದಲಾಯಿಸಲು ಇನ್ನೂ ಯಾರಿಗೂ ಆಗಿಲ್ಲ.

ಸೆಪ್ಟೆಂಬರ್‌ನಲ್ಲಿ ದಿನ ಗೊತ್ತಾಯಿತು. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರಿಗೆ ಹಿಂದಿನ ದಿನವೇ ಹೋಗಿ ನಾದಿನಿಯ ಮನೆಯಲ್ಲಿ ಉಳಿದೆವು. ನನಗೆ ಆಪರೇಷನ್‌ಗಿಂತ ಕೆಮ್ಮಿನದೇ ಚಿಂತೆ. ಕಣ್ಣಿನಲ್ಲಿ ಚಾಕು ಇರುವಾಗ ಉಬ್ಬಸ ಬಂದು ಕೆಮ್ಮಿದರೆ? ಅದನ್ನೇ ಕೇಳಿದೆ. ಬೆಳಗ್ಗೆ ಇನ್‌ಹೇಲರ್ ತಪ್ಪದೆ ತೆಗೆದುಕೊಳ್ಳಿ, ಕೆಮ್ಮು ಬರುವ ಹಾಗಾದರೆ ಮೊದಲೇ ಹೇಳಿ, ನಾವು ಕೈ ತೆಗೆಯುತ್ತೇವೆ ಎಂದರು. ತಲೆಯ ಕಡೆ ಸ್ವಲ್ಪ ಎತ್ತರಿಸಿ ಮಲಗಿಸಿದರು. ಅಷ್ಟು ಸಣ್ಣ ವಿಷಯಕ್ಕೆ ಅವರು ಕೊಟ್ಟ ಗಮನ ನನಗೆ ದೊಡ್ಡದು.

ಬಲ ಹಣೆಯ ಮೇಲೆ ಗುರುತು ಹಾಕಿದರು. ಕಣ್ಣಿನ ಪಕ್ಕಕ್ಕೆ ಇಂಜೆಕ್ಷನ್. ಚುಚ್ಚಿದಾಗ ಒತ್ತಿದ ಹಾಗೆ ನೋವು, ಆಮೇಲೆ ಆ ಇಡೀ ಕಡೆ ಮರಗಟ್ಟಿ ಭಾರವಾಯಿತು. ಮುಖದ ಮೇಲೆ ಹಸಿರು ಬಟ್ಟೆ. ಮೂಗಿನ ಹತ್ತಿರ ಗಾಳಿಯ ಕೊಳವೆ. ಎಚ್ಚರವಾಗಿಯೇ ಇದ್ದೆ. ಚಾಕು, ಸೂಜಿ ಏನೂ ಕಾಣಲಿಲ್ಲ, ಬರೀ ಒಂದು ದೊಡ್ಡ ಬೆಳಕು, ಅದರ ಮೇಲೆ ನೀರು ಹರಿದ ಹಾಗೆ. ನೋವಿಲ್ಲ, ಆದರೆ ಎಳೆಯುವುದು, ಒತ್ತುವುದು ತಿಳಿಯುತ್ತದೆ.

ಒಳಗೆ ಏನು ಮಾಡಿದರು ಎಂದು ಆಮೇಲೆ ಕೇಳಿ ತಿಳಿದುಕೊಂಡೆ. ಮೇಲಿನ ರೆಪ್ಪೆ ಮುಚ್ಚುವ ಜಾಗದಲ್ಲಿ ಕಣ್ಣಿನ ತೆಳು ಹೊರಪದರವನ್ನು ಬಿಡಿಸುತ್ತಾರೆ. ಅದರ ಕೆಳಗಿನ ಬಿಳಿ ಗೋಡೆಯಲ್ಲಿ ಅರ್ಧ ದಪ್ಪಕ್ಕೆ ಸಣ್ಣ ಮುಚ್ಚಳ ಕೊಯ್ಯುತ್ತಾರೆ. ಮುಚ್ಚಳದ ಅಡಿಯಲ್ಲಿ ಒಂದು ತೂತು. ತೂತಿಗೆ ಬಣ್ಣದ ಪರದೆ ಬಂದು ಸಿಕ್ಕಿಕೊಳ್ಳಬಾರದು ಎಂದು ಪರದೆಯಲ್ಲೂ ಒಂದು ಚೂರು ತೆಗೆಯುತ್ತಾರೆ. ಆಮೇಲೆ ಮುಚ್ಚಳವನ್ನು ಕೂದಲಿಗಿಂತ ತೆಳ್ಳಗಿನ ನೈಲಾನ್ ದಾರದಿಂದ ಹೊಲಿಯುತ್ತಾರೆ. ಹೊಲಿಗೆ ಎಷ್ಟು ಬಿಗಿ ಎಂಬುದರ ಮೇಲೆ ನೀರು ಎಷ್ಟು ಹೋಗಬೇಕು ಎಂಬುದು ನಿಂತಿದೆ. ಹೊರಗೆ ಬಂದ ನೀರು ಹೊರಪದರದ ಕೆಳಗೆ ಸಣ್ಣ ಬೊಬ್ಬೆಯ ಹಾಗೆ ನಿಂತು ನಿಧಾನಕ್ಕೆ ಹೀರಿಹೋಗುತ್ತದೆ. ಆ ಬೊಬ್ಬೆಗೆ ಬ್ಲೆಬ್ ಎನ್ನುತ್ತಾರೆ. ರೆಪ್ಪೆಯ ಅಡಿಯಲ್ಲಿ ಇರುವುದರಿಂದ ಯಾರಿಗೂ ಕಾಣುವುದಿಲ್ಲ.

ನಡುವೆ ಡಾಕ್ಟರಮ್ಮ ಯಾರಿಗೋ, ಮೈಟೋಮೈಸಿನ್ ಕೊಡಿ, ಟೈಮ್ ನೋಡಿ ಎಂದದ್ದು ಕೇಳಿಸಿತ್ತು. ಅದು ಕ್ಯಾನ್ಸರ್‌ಗೆ ಕೊಡುವ ಔಷಧ ಎಂದು ಮಗ ಹೇಳಿದಾಗ ಎದೆ ಧಸಕ್ ಎಂದಿತು. ಕಾರಣ ಬೇರೆ. ನಮ್ಮ ಮೈ ಗಾಯವನ್ನು ಮಾಯಿಸಲು ನೋಡುತ್ತದೆ. ಇಲ್ಲಿ ಗಾಯ ಪೂರ್ತಿ ಮಾಯ್ದರೆ ಆಪರೇಷನ್ ಹಾಳು. ಅದಕ್ಕೆ ಆ ಔಷಧದಲ್ಲಿ ಅದ್ದಿದ ಚೂರು ಸ್ಪಂಜನ್ನು ಒಂದೆರಡು ನಿಮಿಷ ಇಟ್ಟು, ಚೆನ್ನಾಗಿ ತೊಳೆದುಬಿಡುತ್ತಾರೆ. ಅಲ್ಲಿ ಕಲೆ ಕಟ್ಟುವುದು ಕಡಿಮೆಯಾಗುತ್ತದೆ.

ಮರುದಿನ ಪಟ್ಟಿ ಬಿಚ್ಚಿದಾಗ ಕಂಡದ್ದು ಬರೀ ಬೆಳಕು ಮತ್ತು ಮಂಜು. ಕೈಬೆರಳು ಎಣಿಸಬಹುದಿತ್ತು, ಅಷ್ಟೇ. ಮೊದಲೇ ಹೇಳಿದ್ದರೂ ಅಳು ಬಂತು. ಅಳಬೇಡಿ ಅಕ್ಕ, ಕಣ್ಣು ಒತ್ತಿಕೊಳ್ಳಬಾರದು ಎಂದು ನರ್ಸ್ ಹುಡುಗಿ ಕೈ ಹಿಡಿದುಕೊಂಡಳು. ಪ್ರೆಶರ್ 5ಕ್ಕೆ ಇಳಿದಿತ್ತು. ಅದು ಸ್ವಲ್ಪ ಜಾಸ್ತಿಯೇ ಇಳಿದದ್ದು. ತೀರಾ ಕಡಿಮೆಯಾದರೆ ಕಣ್ಣಿನ ಒಳಪದರ ಊದಿಕೊಳ್ಳುತ್ತದೆ, ದೃಷ್ಟಿ ಇನ್ನೂ ಮಂಜಾಗುತ್ತದೆ. ಹೊಲಿಗೆಯಿಂದ ನೀರು ಸೋರುತ್ತಿದೆಯೇ ಎಂದು ಹಳದಿ ಬಣ್ಣ ಹಾಕಿ ನೋಡಿದರು. ಸೋರುತ್ತಿರಲಿಲ್ಲ. ಪಾಪೆ ಅಗಲವಾಗಿ ಇಡುವ ಅಟ್ರೋಪಿನ್ ಹನಿ ಹಾಕಿ, ಭಾರ ಎತ್ತಬೇಡಿ, ಬಗ್ಗಬೇಡಿ, ಮುಕ್ಕಬೇಡಿ, ಕಾಯೋಣ ಎಂದರು. ಊರಿಗೆ ಹೋಗಲು ಬಿಡಲಿಲ್ಲ. ನಾದಿನಿಯ ಮನೆಯಲ್ಲೇ ಉಳಿದು ಆಗಾಗ ತೋರಿಸಬೇಕಾಯಿತು. ನಿಧಾನಕ್ಕೆ 5 ಹೋಗಿ 8 ಆಯಿತು. ಆಗ ಊರಿಗೆ ಕಳಿಸಿದರು.

ನನ್ನ ಮಟ್ಟಿಗೆ ನಿಜವಾದ ಕೆಲಸ ಶುರುವಾಗಿದ್ದೇ ಆಮೇಲೆ. ಆಪರೇಷನ್ ಟೇಬಲ್ ಮೇಲೆ ಒಂದು ಗಂಟೆ, ಅದನ್ನು ಉಳಿಸಿಕೊಳ್ಳಲು ತಿಂಗಳುಗಳು. ಸ್ಟೀರಾಯ್ಡ್ ಹನಿ ಎಚ್ಚರವಾಗಿರುವಷ್ಟು ಹೊತ್ತು ಎರಡು ಗಂಟೆಗೊಮ್ಮೆ. ಮೊದಲು ಯಾವುದನ್ನು ಅಂಗಡಿಯಿಂದ ತಂದು ಹಾಕಬೇಡಿ ಎಂದಿದ್ದರೋ ಅದನ್ನೇ ಈಗ ಹಾಕಬೇಕು. ಗಾಯ ಗಟ್ಟಿಯಾಗಿ ಮಾಯದ ಹಾಗೆ ತಡೆಯುವುದು ಅದೇ. ಡಾಕ್ಟರ ಕಣ್ಣೆದುರು, ಪ್ರೆಶರ್ ನೋಡುತ್ತಾ, ವಾರ ವಾರ ಕಡಿಮೆ ಮಾಡುತ್ತಾ ಎರಡು ಮೂರು ತಿಂಗಳು ಹಾಕುವುದು ಬೇರೆ, ನಮ್ಮಷ್ಟಕ್ಕೆ ನಾವು ಹಾಕಿಕೊಳ್ಳುವುದು ಬೇರೆ. ಜೊತೆಗೆ ಸೋಂಕು ತಡೆಯುವ ಹನಿ. ಯಜಮಾನರು ಒಂದು ಹಾಳೆಗೆ ಗೆರೆ ಹಾಕಿ ಹೊತ್ತು ಬರೆದು ಫ್ರಿಜ್ ಮೇಲೆ ಅಂಟಿಸಿದರು. ಹಾಕಿದ ಕೂಡಲೇ ಗುರುತು. ಅವರೇ ಕೈ ಸೋಪಿನಲ್ಲಿ ತೊಳೆದು ಹಾಕುತ್ತಿದ್ದರು. ತೋಟಕ್ಕೆ ಹೋದರೂ ಮಡಿಕೇರಿ ಆಕಾಶವಾಣಿಯ ವಾರ್ತೆ ಹೊತ್ತಿಗೆ ಮನೆಗೆ ಬಂದು ಹಾಕಿ ಹೋಗುತ್ತಿದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ನನ್ನನ್ನು ಇಷ್ಟು ಹತ್ತಿರದಿಂದ ನೋಡಿಕೊಂಡದ್ದು ಆಗಲೇ. ಇದನ್ನು ಬರೆಯದೆ ಹೋದರೆ ತಪ್ಪಾಗುತ್ತದೆ.

ರಾತ್ರಿ ಮಲಗುವಾಗ ಕಣ್ಣಿನ ಮೇಲೆ ಪ್ಲಾಸ್ಟಿಕ್ ಕವಚ, ಟೇಪು. ಎಡಕ್ಕೇ ಮಗ್ಗುಲು. ಕಣ್ಣಿಗೆ ಒಂದು ತೊಟ್ಟು ಹೊರಗಿನ ನೀರು ಹೋಗಬಾರದು. ತಲೆ ಹಿಂದಕ್ಕೆ ಬಾಗಿಸಿ ಬೇರೆಯವರು ತಲೆ ತೊಳೆಯಬೇಕು. ನೀರೊಲೆಗೆ ಸೌದೆ ಹಾಕಲು ಬಗ್ಗುವ ಹಾಗಿಲ್ಲ, ಹೊಗೆ ತಾಗುವ ಹಾಗಿಲ್ಲ. ಅಟ್ರೋಪಿನ್‌ನಿಂದಾಗಿ ಬಿಸಿಲು ಚುಚ್ಚುತ್ತಿತ್ತು. ಹತ್ತಿರದ ಅಕ್ಷರ ಓದಲು ಆಗುತ್ತಿರಲಿಲ್ಲ. ಕಪ್ಪು ಕನ್ನಡಕ ಹಾಕಿ ಜಗಲಿಯಲ್ಲಿ ಕೂತಿರುತ್ತಿದ್ದೆ.

ಪ್ರೀತಿಯಿಂದಲೇ ಜನ ಒಂದೊಂದು ಮದ್ದು ತಂದರು. ಒಬ್ಬರು ಜೇನುತುಪ್ಪ, ಒಬ್ಬರು ತುಂಬೆ ಹೂವಿನ ರಸ, ಇನ್ನೊಬ್ಬರು ನಂದಿಬಟ್ಟಲು ಹೂ. ಕಣ್ಣಿಗೆ ತಂಪು ಎಂದು ನಮ್ಮ ಅಜ್ಜಿಯೂ ನಂದಿಬಟ್ಟಲು ಇಡುತ್ತಿದ್ದರು, ನನಗೆ ಅದರ ಮೇಲೆ ಬೇಸರ ಇಲ್ಲ. ಆದರೆ ತೆಳು ಪದರದ ಕೆಳಗೆ ಕಣ್ಣಿನ ಒಳಕ್ಕೇ ದಾರಿ ಇರುವಾಗ ಅದಾವುದನ್ನೂ ಹತ್ತಿರ ತರಬಾರದು. ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣ ಬಂತು. ಪ್ರತಿ ವರ್ಷ ನಾವು ಭಾಗಮಂಡಲದ ಸಂಗಮದಲ್ಲಿ ಮಿಂದು ತಲಕಾವೇರಿಗೆ ಹೋಗುವವರು. ಆ ವರ್ಷ ನಾನು ಹೋಗಲಿಲ್ಲ. ಓರಗಿತ್ತಿ ತೀರ್ಥ ತಂದು, ಕಣ್ಣಿಗೆ ಒಂದು ಹನಿ ಹಚ್ಚಿಕೋ, ಕಾವೇರಮ್ಮ ಕಾಪಾಡುತ್ತಾಳೆ ಎಂದಳು. ನಾನು ಅದನ್ನು ತಲೆಗೆ ಹಾಕಿಕೊಂಡೆ. ದೀಪಾವಳಿಯ ಎಣ್ಣೆನೀರೂ ಕತ್ತಿನಿಂದ ಕೆಳಗೆ ಮಾತ್ರ. ಹೊಳೆ, ಕೆರೆಯಲ್ಲಿ ಮುಳುಗು ಹಾಕುವುದು ಇನ್ನು ಮುಂದೆ ನನಗಿಲ್ಲ.

ಆ ನಡುವೆ ಒಂದು ಭೇಟಿಯಲ್ಲಿ ಪ್ರೆಶರ್ 19 ಆಗಿತ್ತು. ನನ್ನ ಕೈಕಾಲು ತಣ್ಣಗಾದವು. ಡಾಕ್ಟರಮ್ಮನಿಗೆ ಗಾಬರಿಯೇ ಇಲ್ಲ. ಬೇಕೆಂದೇ ಬಿಗಿಯಾಗಿ ಹೊಲಿದಿದ್ದೇವೆ, ಈಗ ಒಂದು ಹೊಲಿಗೆ ಬಿಡಿಸುವ ಹೊತ್ತು ಎಂದರು. ಕಣ್ಣಿಗೆ ಲೆನ್ಸ್ ಒತ್ತಿ, ಲೇಸರ್ ಬೆಳಕಿನಿಂದ ಒಂದು ನೈಲಾನ್ ದಾರ ಕತ್ತರಿಸಿದರು. ಕ್ಷಣದ ಕೆಲಸ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ 11. ಆ ಆಪರೇಷನ್‌ನ ಜಾಣತನ ನನಗೆ ನಿಜವಾಗಿ ಹಿಡಿಸಿದ್ದು ಆ ದಿನ. ಮೊದಲೇ ಸಡಿಲ ಬಿಟ್ಟಿದ್ದರೆ ಕಣ್ಣು ಬತ್ತಿಹೋಗುತ್ತಿತ್ತು. ಬಿಗಿ ಇಟ್ಟು, ಗಾಯ ಹೇಗೆ ಮಾಯುತ್ತದೆ ನೋಡಿಕೊಂಡು, ಒಂದೊಂದಾಗಿ ಬಿಡಿಸುತ್ತಾರೆ. ಅದಕ್ಕೇ ಕರೆದ ದಿನ ಹೋಗಲೇಬೇಕು. ಆ ಹೊಲಿಗೆ ಬಿಡಿಸುವ ಸಮಯ ದಾಟಿದರೆ ಕಲೆ ಕಟ್ಟಿ ಮುಚ್ಚಳ ಅಂಟಿಕೊಳ್ಳುತ್ತದೆ. ಹಾಗೆ ಮುಚ್ಚಿಹೋದವರಿಗೆ ಮತ್ತೆ ಆಪರೇಷನ್, ಇಲ್ಲವೇ ಸಣ್ಣ ಕೊಳವೆ ಕೂರಿಸುವುದು. ಅಂಥ ಕೊಳವೆಯೊಂದನ್ನು ತಮಿಳುನಾಡಿನ ಮಧುರೈನ ಅರೋಲ್ಯಾಬ್ ಎಂಬ ಸಂಸ್ಥೆಯಲ್ಲೇ ತಯಾರಿಸುತ್ತಾರೆ.

ಮನೆಯಲ್ಲಿ ಮುಚ್ಚಿದ ರೆಪ್ಪೆಯ ಮೇಲಿಂದ ಕಣ್ಣನ್ನು ಮೆಲ್ಲಗೆ ಒತ್ತುವುದನ್ನೂ ಹೇಳಿಕೊಟ್ಟರು. ಇದನ್ನು ಡಾಕ್ಟರು ತೋರಿಸಿಕೊಟ್ಟವರು ಮಾತ್ರ, ಅವರು ಹೇಳಿದಷ್ಟೇ ಮಾಡಬೇಕು.

ಮಂಜು ಪೂರ್ತಿ ತಿಳಿಯಾಗಿ ಹೊಸ ಕನ್ನಡಕದ ನಂಬರ್ ಕೊಟ್ಟದ್ದು ಮೂರು ತಿಂಗಳು ಕಳೆದ ಮೇಲೆ. ಅಷ್ಟರಲ್ಲಿ ಕಾಫಿ ಕೊಯ್ಲು ಶುರುವಾಗಿತ್ತು. ಹಣ್ಣು ಕೊಯ್ಯಲು ಹೋದೆ, ಚೀಲ ಎತ್ತಲು ಹೋಗಲಿಲ್ಲ. ಕಣದ ದೂಳಿಗೆ ಪಕ್ಕ ಮುಚ್ಚುವ ಕನ್ನಡಕ. ಗಿಡಗಳಿಗೆ ಬೋರ್ಡೋ ದ್ರಾವಣ ಹೊಡೆಯುವ ದಿನ ತೋಟದ ಕಡೆ ಕಾಲಿಡುವುದಿಲ್ಲ. ಅದರಲ್ಲಿರುವ ಮೈಲುತುತ್ತ, ಸುಣ್ಣ ಎರಡೂ ಕಣ್ಣಿಗೆ ಆಗದು.

ಒಮ್ಮೆ ಸಂಜೆ ಬಲಗಣ್ಣು ಕೆಂಪಾಗಿ ನೀರು ಸುರಿಯತೊಡಗಿತು. ಕೆಂಪು, ನೋವು, ಪಿಸುರು, ಬೆಳಕು ತಡೆಯದಿರುವುದು, ದೃಷ್ಟಿ ಮಂಜಾಗುವುದು, ಇದರಲ್ಲಿ ಯಾವುದೇ ಬಂದರೂ ಬೆಳಗಾಗಲಿ ಎಂದು ಕಾಯಬೇಡಿ ಎಂದು ಡಿಸ್ಚಾರ್ಜ್ ಚೀಟಿಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿದ್ದರು. ಆಪರೇಷನ್ ಆಗಿ ಹತ್ತು ವರ್ಷ ಕಳೆದರೂ ಈ ಮಾತು ಅನ್ವಯಿಸುತ್ತದೆ. ಬೊಬ್ಬೆಗೆ ಸೋಂಕು ತಗುಲಿದರೆ ಕಣ್ಣಿನ ಒಳಗೆ ಹರಡಲು ಹೊತ್ತು ಬೇಕಿಲ್ಲ. ರಾತ್ರಿಯೇ ಜೀಪು ತೆಗೆಸಿಕೊಂಡು ಹೊರಟೆವು. ನೋಡಿದರೆ ದೂಳಿನ ಅಲರ್ಜಿ, ಸೋಂಕು ಅಲ್ಲ. ಅಷ್ಟು ದೂರದಿಂದ ಸುಮ್ಮನೆ ಬಂದಿರಿ ಎಂದು ಯಾರೂ ಅನ್ನಲಿಲ್ಲ. ಮುಂದಿನ ಸಲವೂ ಹೀಗೇ ಬನ್ನಿ ಎಂದು ಆ ರಾತ್ರಿಯ ಡ್ಯೂಟಿ ಡಾಕ್ಟರು ಹೇಳಿದರು.

ಈಗ ಬಲಗಣ್ಣಿನ ಪ್ರೆಶರ್ ಹನಿ ಇಲ್ಲದೆಯೇ 12ರ ಆಸುಪಾಸು ಇದೆ. ಫೀಲ್ಡ್ ಟೆಸ್ಟ್‌ನ ಕಪ್ಪು ಅಷ್ಟೇ ಇದೆ, ಮುಂದೆ ಹೋಗಿಲ್ಲ. ಪೊರೆ ಸ್ವಲ್ಪ ಶುರುವಾಗಿದೆ, ಅದನ್ನು ತೆಗೆಯುವ ಕಾಲ ಬಂದಾಗ ನೋಡೋಣ ಎಂದಿದ್ದಾರೆ. ಎಡಗಣ್ಣು ಎರಡು ಹನಿಗಳಲ್ಲಿ ಹಿಡಿತದಲ್ಲಿದೆ. ಮಳೆಗಾಲಕ್ಕೆ ಮೊದಲೇ ಬಾಟಲಿಗಳನ್ನು ತರಿಸಿ ಸೋಮವಾರಪೇಟೆಯಲ್ಲಿ ಪರಿಚಯದವರ ಮನೆಯ ಫ್ರಿಜ್‌ನಲ್ಲಿ ಇಡುತ್ತೇನೆ, ಅವರ ಮನೆಗೆ ಜನರೇಟರ್ ಇದೆ.

ಕುಶಾಲನಗರದಲ್ಲಿರುವ ತಮ್ಮನನ್ನು ಪರೀಕ್ಷೆಗೆ ಒಪ್ಪಿಸಲು ಆಪರೇಷನ್‌ಗಿಂತ ಜಾಸ್ತಿ ಕಷ್ಟಪಟ್ಟೆ. ನನಗೆ ಚೆನ್ನಾಗಿ ಕಾಣುತ್ತೆ ಅಕ್ಕ, ಏನೂ ಆಗಿಲ್ಲ ಎನ್ನುತ್ತಿದ್ದ. ನನಗೂ ಚೆನ್ನಾಗಿಯೇ ಕಾಣುತ್ತಿತ್ತು ಎಂದು ನನ್ನ ಫೀಲ್ಡ್ ಟೆಸ್ಟ್‌ನ ಕಾಗದಗಳನ್ನು ಅವನ ಮುಂದೆ ಹರಡಿದೆ. ಕೊನೆಗೆ ಬಂದ. ಎರಡು ಕಣ್ಣಿನಲ್ಲೂ 26. ನರದಲ್ಲಿ ಈಗಷ್ಟೇ ಬದಲಾವಣೆ ಶುರು, ಫೀಲ್ಡ್ ಪೂರ್ತಿ ಚೆನ್ನಾಗಿದೆ. ರಾತ್ರಿ ಒಂದು ಹನಿಯಲ್ಲಿ 17ಕ್ಕೆ ಇಳಿದಿದೆ. ಡಾಕ್ಟರಮ್ಮ ನಮ್ಮಿಬ್ಬರಿಗೂ ಒಂದೇ ದಿನ ಬರಲು ಬರೆದುಕೊಟ್ಟಿದ್ದಾರೆ. ಮುಂದಿನ ಸಲ ನನ್ನ ಮಗನನ್ನೂ, ತಮ್ಮನ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗುತ್ತೇವೆ.